ಸಂಸಾರ ಸಮೇತ ಪಂಗ್ಲಾವ್‌ಗೆ: ಏಪ್ರಿಲ್‌–ಮೇ ರಜೆಗೆ ಫಿಲಿಪೀನ್ಸ್‌ನ ಒಂದೇ ದ್ವೀಪ

ಫಿಲಿಪೀನ್ಸ್‌ನಲ್ಲಿ 7,641 ದ್ವೀಪಗಳಿವೆ. ಮಕ್ಕಳುಮರಿ ಕಟ್ಟಿಕೊಂಡು ಹೋಗುವವರಿಗೆ ಬೇಕಿರುವುದು ಅದರಲ್ಲಿ ಒಂದು. ಎಂಟು ದಿನಕ್ಕೆ ಮನಿಲಾ, ಬೊರಕಾಯ್, ಎಲ್ ನಿಡೊ, ಸೆಬು ಎಂದು ನಾಲ್ಕು ಊರು ತುರುಕಿದ ಪಟ್ಟಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅದರಲ್ಲಿ ಮೂರೂವರೆ ದಿನ ವಿಮಾನ ನಿಲ್ದಾಣ, ಬಂದರು, ವ್ಯಾನುಗಳಲ್ಲೇ ಕಳೆದುಹೋಗುತ್ತದೆ. ಅಜ್ಜ-ಅಜ್ಜಿ, ಪುಟ್ಟ ಮಕ್ಕಳು ಜೊತೆಗಿದ್ದಾಗ ದ್ವೀಪ ಆರಿಸಲು ಸುಲಭದ ಅಳತೆಗೋಲು ಒಂದಿದೆ: ಮನೆಯಿಂದ ಹೋಟೆಲ್ ತಲುಪುವಷ್ಟರಲ್ಲಿ ಸೂಟ್‌ಕೇಸನ್ನು ಎಷ್ಟು ಸಲ ಎತ್ತಿಳಿಸಬೇಕು ಎಂದು ಎಣಿಸಿ ನೋಡಿ.

ಬೊರಕಾಯ್‌ಗೆ ವಿಮಾನ ಇಳಿದ ಮೇಲೆ ಕಟಿಕ್ಲಾನ್ ಬಂದರಿಗೆ ಒಂದು ವಾಹನ, ಅಲ್ಲಿಂದ ದೋಣಿ, ಆಚೆ ದಡದಲ್ಲಿ ಮತ್ತೊಂದು ವಾಹನ ಬೇಕು. ಎಲ್ ನಿಡೊಗೆ ಬಹುತೇಕರು ಪ್ಯೂರ್ಟೊ ಪ್ರಿನ್ಸೆಸಾದಲ್ಲಿ ಇಳಿದು ಐದಾರು ಗಂಟೆ ವ್ಯಾನಿನಲ್ಲಿ ಕೂರುತ್ತಾರೆ. ಪಂಗ್ಲಾವ್‌ನಲ್ಲಿ ವಿಮಾನ ನಿಲ್ದಾಣ ದ್ವೀಪದ ಮೇಲೆಯೇ ಇದೆ. 2018ರ ನವೆಂಬರ್‌ನಲ್ಲಿ ಶುರುವಾದ ಈ ನಿಲ್ದಾಣದಿಂದ ಅಲೋನಾ ಬೀಚ್ ಹತ್ತು-ಹದಿನೈದು ನಿಮಿಷದ ದಾರಿ. ಜೊತೆಗೆ ಪಂಗ್ಲಾವ್‌ನಿಂದ ಬೊಹೋಲ್ ಎಂಬ ದೊಡ್ಡ ದ್ವೀಪಕ್ಕೆ ಸೇತುವೆಗಳಿವೆ. ನೀರಿಗಿಳಿಯಲು ಒಲ್ಲದ ಹಿರಿಯರಿಗೂ ಗುಡ್ಡ, ನದಿ, ಕಾಡು, ಹಳೆಯ ಇಗರ್ಜಿ ನೋಡಲು ಸಿಗುತ್ತವೆ. ಮರಳಿನ ವಿಷಯದಲ್ಲಿ ಬೊರಕಾಯ್‌ನ ವೈಟ್ ಬೀಚ್‌ಗೆ ಅಲೋನಾ ಸಾಟಿಯಲ್ಲ, ಇದನ್ನು ಮುಚ್ಚಿಡುವುದು ಬೇಡ. ಆದರೂ ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ಪಂಗ್ಲಾವ್‌ನದೇ ಮೇಲುಗೈ.

ದಿನ ಗೊತ್ತು ಮಾಡುವುದು

ಮಾರ್ಚ್‌ನಿಂದ ಮೇವರೆಗೆ ಅಲ್ಲಿಯೂ ಬೇಸಿಗೆ. ಕಡಲು ಸಾಮಾನ್ಯವಾಗಿ ಶಾಂತ, ಬಿಸಿಲು ಮಾತ್ರ ಖಾರ. ನಮ್ಮ ಶಾಲೆಗಳ ರಜೆಯೂ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಬರುತ್ತದೆ. ತಪ್ಪಿಸಬೇಕಾದ್ದು ಈಸ್ಟರ್‌ಗೆ ಮುಂಚಿನ ಪವಿತ್ರ ವಾರವನ್ನು. ಆಗ ಇಡೀ ದೇಶ ಊರಿಗೆ ಹೊರಟಿರುತ್ತದೆ. ಹಡಗಿನ ಟಿಕೆಟ್ ಸಿಗದು, ಕೋಣೆ ಬಾಡಿಗೆ ಏರುತ್ತದೆ, ಗುಡ್ ಫ್ರೈಡೆಯಂದು ಅಂಗಡಿಗಳೂ ಎಷ್ಟೋ ದೋಣಿಗಳೂ ಬಂದ್. ಈಸ್ಟರ್ 2026ರಲ್ಲಿ ಏಪ್ರಿಲ್ 5ಕ್ಕೆ, 2027ರಲ್ಲಿ ಮಾರ್ಚ್ 28ಕ್ಕೆ ಬರುವುದರಿಂದ ಏಪ್ರಿಲ್ ಎರಡನೇ ವಾರದ ನಂತರ ಹೊರಡುವವರಿಗೆ ತೊಂದರೆಯಿಲ್ಲ. 2028ರಲ್ಲಿ ಅದು ಏಪ್ರಿಲ್ 16. ಆ ವರ್ಷ ಒಂದು ವಾರ ಮುಂದೆ ಹಾಕಿ.

ಬೊಹೋಲ್‌ಗೆ ಮೇ ತಿಂಗಳೆಂದರೆ ಜಾತ್ರೆಗಳ ತಿಂಗಳು. ಮೇ 1ರಂದು ಟಗ್ಬಿಲರನ್ ನಗರದ ಫಿಯೆಸ್ಟಾ, ಆಮೇಲೆ ದಿನಕ್ಕೊಂದು ಊರಿನದು. ಪರವೂರಿನಲ್ಲಿ ದುಡಿಯುವ ಬೊಹೋಲಿನವರು ಮನೆಗೆ ಮರಳುವ ಕಾಲವಿದು. ನೋಡಲು ಚೆಂದ, ಆದರೆ ವ್ಯಾನು ಮತ್ತು ಹಡಗನ್ನು ಮೊದಲೇ ಕಾದಿರಿಸಿ. ಮೇ ಕೊನೆಯ ಹೊತ್ತಿಗೆ ಸಂಜೆ ಮಳೆ ಶುರುವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಏಪ್ರಿಲ್ ದ್ವಿತೀಯಾರ್ಧಕ್ಕೆ ನಮ್ಮ ಮತ.

ಕಾಗದಪತ್ರ

2025ರ ಜೂನ್‌ನಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಕ್ಕೆ 14 ದಿನದವರೆಗೆ ವೀಸಾ ಬೇಕಿಲ್ಲ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್ ದೇಶಗಳು, ಸಿಂಗಪುರ ಅಥವಾ ಬ್ರಿಟನ್ನಿನ ಚಾಲ್ತಿ ವೀಸಾ ಇಲ್ಲವೇ ಕಾಯಂ ವಾಸದ ಪರವಾನಗಿ ಇದ್ದರೆ 30 ದಿನ. 14 ದಿನದ ಸೌಲಭ್ಯವನ್ನು ಅಲ್ಲಿ ಹೋಗಿ ವಿಸ್ತರಿಸಲಾಗದು. ಆದ್ದರಿಂದ ಪೂರ್ತಿ 14 ದಿನಕ್ಕೂ ಯೋಜನೆ ಹಾಕಬೇಡಿ. ಬಿರುಗಾಳಿಗೆ ಹಡಗು ನಿಂತು ವಿಮಾನ ತಪ್ಪಿದರೆ ನಿಮ್ಮ ಕೈಯಲ್ಲಿ ಮೂರ್ನಾಲ್ಕು ದಿನ ಉಳಿದಿರಬೇಕು.

ಕೈಯಲ್ಲಿ ಇರಬೇಕಾದವು: ಕನಿಷ್ಠ ಆರು ತಿಂಗಳು ಊರ್ಜಿತವಿರುವ ಪಾಸ್‌ಪೋರ್ಟ್, ಹಿಂತಿರುಗುವ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ಹಣವಿದೆ ಎಂದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್. ಇವನ್ನು ಮುದ್ರಿಸಿ ಇಟ್ಟುಕೊಳ್ಳಿ. ಮೊದಲು ಕೇಳುವುದು ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ, ಫೋನ್ ಚಾರ್ಜ್ ಮುಗಿದಿರುವುದೂ ಆಗಲೇ.

ಇಳಿಯುವ ಮುಂಚಿನ 72 ಗಂಟೆಯೊಳಗೆ ಫಿಲಿಪೀನ್ಸ್ ಸರ್ಕಾರದ ಇ-ಟ್ರಾವೆಲ್ ತಾಣದಲ್ಲಿ ಪ್ರತಿಯೊಬ್ಬರದೂ, ಕೂಸಿನದೂ ಸೇರಿ, ನೋಂದಣಿ ಮಾಡಿಸಿ ಕ್ಯೂಆರ್ ಕೋಡ್ ಉಳಿಸಿಕೊಳ್ಳಬೇಕು. ಇದು ಉಚಿತ. ಹಣ ಕೇಳುವ ತಾಣ ಸಿಕ್ಕರೆ ಅದು ನಕಲಿ. ನಮ್ಮ ಕಡೆಯವರಿಗೆ ಇಲ್ಲೊಂದು ಎಡವಟ್ಟು ಆಗುತ್ತದೆ: ಇನಿಷಿಯಲ್ ಇಟ್ಟುಕೊಂಡವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಟಿಕೆಟ್‌ನ ಫಾರ್ಮು ಅದನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಒಬ್ಬೊಬ್ಬರು ಒಂದೊಂದು ರೀತಿ ತುಂಬಿದರೆ ಟಿಕೆಟ್, ಇ-ಟ್ರಾವೆಲ್, ಹೋಟೆಲ್ ಮೂರರಲ್ಲೂ ಮೂರು ಹೆಸರು. ಒಂಟಿ ಹೆಸರನ್ನು ಹೇಗೆ ಬರೆಯಬೇಕೆಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ, ಎಲ್ಲ ಕಡೆ ಅದನ್ನೇ ಬಳಸಿ.

ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. 15 ವರ್ಷದೊಳಗಿನ ವಿದೇಶಿ ಮಗು ತಂದೆ-ತಾಯಿ ಯಾರೂ ಜೊತೆಗಿಲ್ಲದೆ, ಅಂದರೆ ಅಜ್ಜ-ಅಜ್ಜಿಯ ಅಥವಾ ಚಿಕ್ಕಮ್ಮನ ಸಂಗಡ ಬಂದರೆ ವಲಸೆ ವಿಭಾಗದ ವಿನಾಯಿತಿ ಪತ್ರ ಬೇಕು. ಅದಕ್ಕೆ ಹೆತ್ತವರ ದೃಢೀಕೃತ ಒಪ್ಪಿಗೆ ಪತ್ರವನ್ನೂ ಶುಲ್ಕವನ್ನೂ ಕೊಡಬೇಕಾಗುತ್ತದೆ. ಅಪ್ಪ-ಅಮ್ಮ ಎರಡು ದಿನ ತಡವಾಗಿ ಬಂದು ಸೇರಿಕೊಳ್ಳುವ ಯೋಜನೆ ಇದ್ದರೆ ಬಿಟ್ಟುಬಿಡಿ. ಒಬ್ಬರಾದರೂ ಮಗುವಿನೊಂದಿಗೇ ಇಳಿಯಲಿ.

ವಿಮಾನ: ಎಡವುವುದು ಇಲ್ಲೇ

ಬೆಂಗಳೂರಿನಿಂದ ಹೋಗುವವರು ಸಿಂಗಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸುತ್ತಾರೆ. ಮುಂದಿನ ದಾರಿ ಎರಡು.

ಮೊದಲನೆಯದು ಮನಿಲಾ ಮೂಲಕ. ಅಲ್ಲಿ ವಲಸೆ ತಪಾಸಣೆ ಮುಗಿಸಿ, ಲಗೇಜು ತೆಗೆದುಕೊಂಡು, ಸುಮಾರು ಒಂದೂವರೆ ಗಂಟೆಯ ದೇಶೀಯ ವಿಮಾನದಲ್ಲಿ ಪಂಗ್ಲಾವ್‌ಗೆ. ಮನಿಲಾದ ಟರ್ಮಿನಲ್‌ಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲೇ ಹೋಗಬೇಕು, ರಸ್ತೆಯಲ್ಲಿ ಮನಿಲಾದ ಟ್ರಾಫಿಕ್ ಇರುತ್ತದೆ. ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿ. ಬೇರೆ ಬೇರೆ ಆಗಿದ್ದರೆ ನಡುವೆ ಐದು ಗಂಟೆ, ಒಂದೇ ಆಗಿದ್ದರೂ ಮೂರೂವರೆ ಗಂಟೆ ಇಟ್ಟುಕೊಳ್ಳಿ.

ಎರಡನೆಯದು ಸೆಬು ಮೂಲಕ. ಸಿಂಗಪುರದಂಥ ಊರುಗಳಿಂದ ಸೆಬುವಿಗೆ ನೇರ ವಿಮಾನವಿದೆ. ಸೆಬುವಿನ ನಿಲ್ದಾಣ ಮಕ್ತಾನ್ ಎಂಬ ಪಕ್ಕದ ದ್ವೀಪದಲ್ಲಿದೆ. ಅಲ್ಲಿಂದ ನಗರದ ‘ಪಿಯರ್ 1’ ಎಂಬ ಹಡಗುಕಟ್ಟೆಗೆ ಟ್ಯಾಕ್ಸಿಯಲ್ಲಿ ಒಂದರಿಂದ ಒಂದೂವರೆ ಗಂಟೆ, ಆಮೇಲೆ ವೇಗದ ಹಡಗಿನಲ್ಲಿ ಎರಡು ಗಂಟೆ, ಟಗ್ಬಿಲರನ್‌ನಲ್ಲಿ ಇಳಿದು ಮತ್ತೆ ಮುಕ್ಕಾಲು ಗಂಟೆ ವಾಹನ. ಎತ್ತಿಳಿಸುವುದು ಎರಡು ಸಲ ಹೆಚ್ಚು, ಆದರೆ ಮನಿಲಾದ ಗೊಂದಲ ತಪ್ಪುತ್ತದೆ. ಸೆಬುವಿನಲ್ಲಿ ಮಧ್ಯಾಹ್ನ ಮೂರರ ನಂತರ ಇಳಿಯುವವರು ಅದೇ ದಿನ ಹಡಗು ಹಿಡಿಯಲು ಓಡಬೇಡಿ. ಆ ರಾತ್ರಿ ಮಕ್ತಾನ್‌ನಲ್ಲೇ ಮಲಗಿ ಬೆಳಗಿನ ಹಡಗಿಗೆ ಹೋಗಿ. ಬೆಳಗ್ಗೆ ಅಲೆಯೂ ಕಡಿಮೆ, ವಾಂತಿಯೂ ಕಡಿಮೆ.

ಎರಡು ದಾರಿಗೂ ಒಂದೇ ಎಚ್ಚರಿಕೆ: ಎರಡು ಪ್ರತ್ಯೇಕ ಟಿಕೆಟ್ ತೆಗೆದು ಐದು ಸಾವಿರ ಉಳಿಸಲು ಹೋಗಬೇಡಿ. ಪ್ರತ್ಯೇಕ ಟಿಕೆಟ್ಟಿನಲ್ಲಿ ಲಗೇಜು ಕೊನೆಯವರೆಗೆ ಹೋಗುವುದಿಲ್ಲ. ಅದನ್ನು ಹೊರಗೆ ತೆಗೆದು ಮತ್ತೆ ಕೊಡಲು ನೀವು ನಡುವಿನ ದೇಶದೊಳಗೆ ಕಾಲಿಡಬೇಕು. ಸಿಂಗಪುರವಾದರೆ ಅದಕ್ಕೆ ವೀಸಾ ಬೇಕು. ಕೌಂಟರಿನಲ್ಲೇ ತಡೆದು ನಿಲ್ಲಿಸುವುದು ಹೀಗೆ. ಅಗ್ಗದ ದೇಶೀಯ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ, ದೊಡ್ಡ ಪೆಟ್ಟಿಗೆಗೆ ಬೇರೆ ಹಣ. ಟಿಕೆಟ್ ಕೊಳ್ಳುವಾಗಲೇ ಅದನ್ನೂ ಕೊಳ್ಳಿ, ನಿಲ್ದಾಣದಲ್ಲಿ ದರ ಹೆಚ್ಚು.

ಎಲ್ಲಿ ತಂಗುವುದು

ಅಲೋನಾದಲ್ಲಿ ಹೋಟೆಲು, ಔಷಧಿ ಅಂಗಡಿ, ಎಟಿಎಂ, ಭಾರತೀಯ ಊಟದ ಮನೆಗಳು ಎಲ್ಲ ನಡೆದು ಹೋಗುವ ದೂರದಲ್ಲಿವೆ. ಆದರೆ ದಡದ ತುಂಬ ದೋಣಿ ಕಟ್ಟಿರುತ್ತಾರೆ. ಮಕ್ಕಳು ಈಜಲು ಹಗ್ಗ ಕಟ್ಟಿದ ಜಾಗವಷ್ಟೇ ಸುರಕ್ಷಿತ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದುಮಲುವಾನ್ ಬೀಚ್ ಅಗಲವಾಗಿದೆ, ನೀರು ದೂರದವರೆಗೆ ಆಳವಿಲ್ಲ, ಮರಳು ನುಣುಪು. ಸಂಜೆಯಾದ ಮೇಲೆ ಅಲ್ಲಿ ತಿನ್ನಲು ಹೆಚ್ಚೇನೂ ಸಿಗದು. ದೋಲ್ಹೊ ಕಡೆ ಇನ್ನೂ ನಿಶ್ಶಬ್ದ, ಆದರೆ ನೀರಿಳಿದಾಗ ಕಡಲಹುಲ್ಲು ಮೇಲೆ ಕಾಣುತ್ತದೆ.

ಕೋಣೆಯನ್ನು ಅಲೋನಾದ ಮುಖ್ಯರಸ್ತೆಯಿಂದ ಐದು-ಹತ್ತು ನಿಮಿಷ ಒಳಗೆ ಹಿಡಿದು, ಸ್ನಾನಕ್ಕೆ ದುಮಲುವಾನ್‌ಗೆ ಹೋಗುವುದು ಒಳ್ಳೆಯ ರಾಜಿ. ಬೀಚಿಗೆ ತಾಗಿದ ಕೋಣೆಗೆ ದುಪ್ಪಟ್ಟು ಕೊಟ್ಟರೆ ರಾತ್ರಿಯ ಸಂಗೀತವೂ ಪುಕ್ಕಟೆ ಸಿಗುತ್ತದೆ. ಬುಕ್ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಕರೆಂಟು ಹೋದರೆ ಏಸಿ ನಡೆಯುವ ಜನರೇಟರ್ ಇದೆಯೇ, ನೆಲಮಹಡಿ ಕೋಣೆ ಸಿಗುತ್ತದೆಯೇ, ಚಿಕ್ಕ ಅಡುಗೆಮನೆ ಇದೆಯೇ. ಸಸ್ಯಾಹಾರಿಗಳಿಗೆ ಮೂರನೆಯದೇ ಮುಖ್ಯ.

ದುಡ್ಡು, ಸಿಮ್, ಪ್ಲಗ್

ಒಂದು ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ. ರೂಪಾಯಿ ನೋಟು ಅಲ್ಲಿ ನಡೆಯದು. ಮಡಚದ, ಹರಿಯದ ಡಾಲರ್ ನೋಟು ಒಯ್ಯಿರಿ. ವಿದೇಶಿ ಕಾರ್ಡಿಗೆ ಎಟಿಎಂ ಪ್ರತಿ ಸಲ 250 ಪೆಸೊ ಆಸುಪಾಸು ಕತ್ತರಿಸುತ್ತದೆ, ಸಾಮಾನ್ಯವಾಗಿ ಒಮ್ಮೆಗೆ 10,000 ಪೆಸೊಗಿಂತ ಹೆಚ್ಚು ಕೊಡದು. ಹಾಗಾಗಿ ಚೂರುಚೂರು ತೆಗೆಯಬೇಡಿ. ದೋಣಿಯವರಿಗೆ, ಟ್ರೈಸಿಕಲ್‌ಗೆ (ಪಕ್ಕಕ್ಕೆ ಗಾಡಿ ಜೋಡಿಸಿದ ಬಾಡಿಗೆ ಬೈಕು), ಪ್ರವೇಶ ಶುಲ್ಕಕ್ಕೆ ನಗದೇ ಬೇಕು. ಟ್ರೈಸಿಕಲ್‌ಗೆ ಮೀಟರ್ ಇರುವುದಿಲ್ಲ, ಹತ್ತುವ ಮುಂಚೆ ದರ ಮಾತಾಡಿ, ತಲೆಗೋ ಗಾಡಿಗೋ ಎಂದೂ ಕೇಳಿ. ಸಿಮ್ ನೋಂದಣಿಗೆ ಪಾಸ್‌ಪೋರ್ಟ್ ಬೇಕು. ವಿದ್ಯುತ್ 220 ವೋಲ್ಟ್, ಆದರೆ ಪ್ಲಗ್ ಎರಡು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಎರಡಾದರೂ ಇರಲಿ. ಗಡಿಯಾರವನ್ನು ಎರಡೂವರೆ ಗಂಟೆ ಮುಂದೆ ತಿರುಗಿಸಿ.

ಊಟ

ಅನ್ನಕ್ಕೆ ಬರವಿಲ್ಲ, ಮೂರು ಹೊತ್ತೂ ಅನ್ನವೇ. ತೊಡಕು ಅದರ ಜೊತೆಗೆ ಬರುವುದರಲ್ಲಿ. ಫಿಲಿಪಿನೊ ಅಡುಗೆಯಲ್ಲಿ ‘ತರಕಾರಿ’ ಎಂದರೆ ತರಕಾರಿ ಹಾಕಿದ ಪದಾರ್ಥ ಎಂದಷ್ಟೇ ಅರ್ಥ. ಅದರಲ್ಲಿ ಹಂದಿಮಾಂಸದ ಚೂರು ಇರಬಾರದು ಎಂದೇನಿಲ್ಲ. ‘ಮೊಂಗೊ’ ನಮ್ಮ ಹೆಸರುಕಾಳೇ, ಆದರೆ ಒಗ್ಗರಣೆಗೆ ಒಣಮೀನು ಅಥವಾ ಹಂದಿ ಬೀಳುತ್ತದೆ. ‘ಉತಾನ್ ಬಿಸಾಯಾ’ ಎಂಬ ತಿಳಿಸಾರಿನಲ್ಲಿ ನುಗ್ಗೆಸೊಪ್ಪು, ಕುಂಬಳ, ಬದನೆ, ಬೆಂಡೆ ಎಲ್ಲ ನಮ್ಮ ಮನೆಯದೇ, ಜೊತೆಗೊಂದು ಒಣಮೀನು. ಮೀನು ಬೇಡವೆಂದರೂ ‘ಪತಿಸ್’ ಎಂಬ ಮೀನಿನ ರಸ, ‘ಗಿನಾಮೊಸ್’ ಎಂಬ ಹುದುಗಿಸಿದ ಮೀನು, ಆಯ್‌ಸ್ಟರ್ ಸಾಸ್, ಮಾಂಸದ ಸಾರಿನ ಕ್ಯೂಬ್ ಉಳಿದಿರುತ್ತವೆ. ಅಡುಗೆಯವರು ಮೋಸ ಮಾಡುವುದಲ್ಲ. ಅವರ ಲೆಕ್ಕದಲ್ಲಿ ಅವು ಉಪ್ಪಿನ ಹಾಗೆ.

ಆದ್ದರಿಂದ ‘ವೆಜಿಟೇರಿಯನ್’ ಎನ್ನುವುದು ಸಾಲದು, ಬೇಡವಾದ್ದನ್ನು ಒಂದೊಂದಾಗಿ ಹೇಳಿ. ಬೊಹೋಲ್‌ನ ಮಾತು ಬಿಸಾಯಾ. ‘ವಲಾಯ್’ ಎಂದರೆ ‘ಇಲ್ಲದ’. ವಲಾಯ್ ಕರ್ನೆ, ವಲಾಯ್ ಇಸ್ದಾ, ವಲಾಯ್ ಪತಿಸ್: ಮಾಂಸವಿಲ್ಲದೆ, ಮೀನಿಲ್ಲದೆ, ಮೀನಿನ ರಸವಿಲ್ಲದೆ. ಮೊಟ್ಟೆಯೂ ಬೇಡವಾದರೆ ವಲಾಯ್ ಇತ್ಲೋಗ್. ಚೀಟಿಯಲ್ಲಿ ಬರೆಸಿಕೊಂಡು ಅಡುಗೆಮನೆಗೇ ಕಳಿಸಿದರೆ ಬಾಯಿಮಾತಿಗಿಂತ ಭದ್ರ. ಹುರಿದ ಎಣ್ಣೆಯೂ ಸೌಟೂ ಬೇರೆ ಇರಬೇಕೆನ್ನುವವರು ಸ್ಥಳೀಯ ಹೋಟೆಲಿನ ಆಸೆ ಬಿಟ್ಟು ಸ್ವಂತ ಅಡುಗೆ ಅಥವಾ ಭಾರತೀಯ ಊಟದ ಮನೆ ನೆಚ್ಚಿಕೊಳ್ಳುವುದೇ ನೆಮ್ಮದಿ.

ಭಯವಿಲ್ಲದೆ ತಿನ್ನಬಹುದಾದವೂ ಇವೆ: ಸಕ್ಕರೆ ಪಾಕದಲ್ಲಿ ಹುರಿದ ಬಾಳೆ, ಬಾಳೆಲೆಯಲ್ಲಿ ಬೇಯಿಸಿದ ‘ಸುಮಾನ್’ ಎಂಬ ಅಂಟಕ್ಕಿ ಕಡುಬು, ತೆಂಗಿನಗರಿಯ ಪುಟ್ಟ ಬುಟ್ಟಿಯಲ್ಲಿ ಬೆಂದ ‘ಪುಸೊ’ ಅನ್ನ, ಎಳನೀರು, ಮತ್ತು ಈ ಕಾಲದಲ್ಲೇ ಬರುವ ಕರಬಾವ್ ಮಾವು. ನಾರಿಲ್ಲದ, ತೆಳುಸಿಪ್ಪೆಯ ಹಣ್ಣು ಅದು. ಬಾದಾಮಿಗಿಂತ ಮೇಲು ಎಂದು ಧಾರವಾಡದವರನ್ನು ಒಪ್ಪಿಸುವುದು ಮಾತ್ರ ಕಷ್ಟ.

ನಾಲ್ವರಿಗೆ ಎಂಟು ದಿನಕ್ಕೆ ಮನೆಯಿಂದ ಒಯ್ಯಲು: ಅರ್ಧ ಲೀಟರ್‌ನ ಚಿಕ್ಕ ರೈಸ್ ಕುಕ್ಕರ್, ಒಂದು ಕೆ.ಜಿ. ಅವಲಕ್ಕಿ, ಅರ್ಧ ಕೆ.ಜಿ. ಹುರಿದ ರವೆ, ಅರ್ಧ ಕೆ.ಜಿ. ತೊಗರಿಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಹುಣಿಸೆ ಗೊಜ್ಜು, ಬಿಸಿನೀರು ಹಾಕಿದರೆ ಸಿದ್ಧವಾಗುವ ಏಳೆಂಟು ಪೊಟ್ಟಣ. ಅಕ್ಕಿ ಬೇಡ, ಅಲ್ಲೇ ಸಿಗುತ್ತದೆ. ಉಪ್ಪಿನಕಾಯಿ, ಗೊಜ್ಜು ದೊಡ್ಡ ಪೆಟ್ಟಿಗೆಗೆ ಹಾಕಿ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಕಸದ ಬುಟ್ಟಿ ಸೇರುತ್ತದೆ. ಹಸಿ ಹಣ್ಣು-ತರಕಾರಿ ಒಯ್ಯಬೇಡಿ. ನಲ್ಲಿ ನೀರು ಕುಡಿಯಬೇಡಿ, ದೊಡ್ಡ ಕ್ಯಾನಿನ ಶುದ್ಧ ನೀರು ಎಲ್ಲೆಡೆ ಅಗ್ಗ.

ಕಡಲಿನ ದಿನ

ಬಂದ ಮರುದಿನವೇ ದೋಣಿ ಹತ್ತಬೇಡಿ, ಒಂದು ದಿನ ಬಿಸಿಲಿಗೆ ಮೈ ಒಗ್ಗಲಿ. ಮೂರನೇ ದಿನ ಹತ್ತಿರದ ಪುಟ್ಟ ದ್ವೀಪ ಬಲಿಕಾಸಗ್ ಮತ್ತು ವರ್ಜಿನ್ ಐಲ್ಯಾಂಡ್. ಎರಡು ಕಡೆ ಬಿದಿರಿನ ರೆಕ್ಕೆಯಿರುವ ‘ಬಂಕಾ’ ದೋಣಿ ಹೊತ್ತು ಮೂಡುವ ವೇಳೆಗೆ ಹೊರಡುತ್ತದೆ. ಬೆಳಗ್ಗೆ ಗಾಳಿ ಕಡಿಮೆ, ನೀರು ತಿಳಿ, ಆಮೆಗಳು ಕಾಣುವ ಸಂಭವ ಹೆಚ್ಚು. ಹತ್ತರ ನಂತರ ದೋಣಿಗಳ ಸಂತೆ.

ಹಿಂದಿನ ಸಂಜೆಯೇ ದಡಕ್ಕೆ ಹೋಗಿ ಮಕ್ಕಳ ಅಳತೆಯ ಲೈಫ್ ಜಾಕೆಟ್ಟನ್ನು ಕಣ್ಣಾರೆ ನೋಡಿ, ತೊಡಿಸಿ, ಭುಜ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲ ದಾಟಿ ಮೇಲೆ ಬಂದರೆ ದೊಡ್ಡದು. ದೊಡ್ಡದನ್ನು ಬಿಗಿದು ಕಟ್ಟಿ ‘ಸರಿಹೋಯ್ತು’ ಎನ್ನುವವರನ್ನು ನಂಬಬೇಡಿ, ನೀರಿನಲ್ಲಿ ಮಗು ಅದರೊಳಗಿಂದ ಜಾರುತ್ತದೆ. ನೀರೊಳಗೆ ನೋಡಲು ಮಕ್ಕಳ ಮುಖಕ್ಕೆ ಹೊಂದುವ ಮಾಸ್ಕ್ ಬಾಡಿಗೆಗೆ ಸಿಗುವುದು ಅಪರೂಪ. ಅದನ್ನು ಊರಿನಿಂದಲೇ ತಂದು, ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡಿಸಿ.

ಬೆಲೆ ಕೇಳುವಾಗ ‘ಇದರಲ್ಲಿ ಏನೇನು ಸೇರಿದೆ’ ಎಂದು ಕೇಳಿ. ಬಲಿಕಾಸಗ್‌ನಲ್ಲಿ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಬದಲಾಗಿ ಸ್ಥಳೀಯ ಗೈಡ್ ಜೊತೆ ನೀರಿಗಿಳಿಯಬೇಕು. ಆ ಶುಲ್ಕವೂ ಪರಿಸರ ಶುಲ್ಕವೂ ಬಹುಪಾಲು ಪ್ರತ್ಯೇಕ. ಜಗಳವಾಗುವುದು ಇದಕ್ಕೇ. ಆಮೆಯನ್ನು ಮುಟ್ಟುವುದು, ಹವಳದ ಮೇಲೆ ನಿಲ್ಲುವುದು, ಚಿಪ್ಪು-ಮರಳು ಚೀಲಕ್ಕೆ ಹಾಕುವುದು ನಿಷಿದ್ಧ. ಮಕ್ಕಳ ಜೇಬನ್ನು ಹೊರಡುವ ಮುಂಚೆ ನೋಡಿ.

ವರ್ಜಿನ್ ಐಲ್ಯಾಂಡ್ ಎಂಬುದು ಬಾಗಿದ ಮರಳದಿಣ್ಣೆ. ನೀರಿಳಿದಾಗ ಮಾತ್ರ ಮೇಲೇಳುತ್ತದೆ. ಟಗ್ಬಿಲರನ್‌ನ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ ದಿನ ಆರಿಸಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಇಳಿತ ಜೋರು. ಆಗ ದಿಣ್ಣೆ ಚೆನ್ನಾಗಿ ಕಾಣುತ್ತದೆ, ಆದರೆ ಪಂಗ್ಲಾವ್‌ನ ಬೀಚಿನಲ್ಲಿ ಈಜಲು ನೀರೇ ಇರುವುದಿಲ್ಲ. ‘ಬೀಚ್ ಕೆಟ್ಟದಾಗಿದೆ’ ಎಂದು ಬೈಯುವವರು ಹೆಚ್ಚಾಗಿ ಆ ಹೊತ್ತಿಗೆ ಹೋದವರು.

ಪಮಿಲಾಕನ್ ದ್ವೀಪದ ಕಡೆಗೆ ಡಾಲ್ಫಿನ್ ನೋಡಲು ಕರೆದೊಯ್ಯುತ್ತಾರೆ. ಹತ್ತಾರು ದೋಣಿಗಳು ಒಂದು ಹಿಂಡನ್ನು ಅಟ್ಟಿಸಿಕೊಂಡು ಹೋಗುವ ಆಟವದು. ಅಲೆಯಲ್ಲಿ ಒಂದು ಗಂಟೆ ಹೆಚ್ಚು, ಮಕ್ಕಳಿಗೆ ವಾಂತಿ. ಬಿಟ್ಟರೆ ನಷ್ಟವಿಲ್ಲ. ವಾಂತಿಯ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮುಂಚೆ ಕೊಡಬೇಕು, ತಲೆ ಸುತ್ತಿದ ಮೇಲಲ್ಲ. ಮಕ್ಕಳ ಪ್ರಮಾಣವನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ನೆಲದ ದಿನ

ಏಸಿ ವ್ಯಾನನ್ನು ಇಡೀ ದಿನಕ್ಕೆ ಹಿಡಿದರೆ ಸುಮಾರು 3,000–4,000 ಪೆಸೊ. ಹೆಚ್ಚಿನ ಚಾಲಕರು ಹತ್ತಿರದಿಂದ ಶುರುಮಾಡಿ ಚಾಕೊಲೇಟ್ ಹಿಲ್ಸ್‌ಗೆ ನಡುಮಧ್ಯಾಹ್ನ ತಲುಪಿಸುತ್ತಾರೆ. ವೀಕ್ಷಣಾ ಕಟ್ಟೆಗೆ 214 ಮೆಟ್ಟಿಲು, ನೆತ್ತಿಯ ಮೇಲೆ ಸೂರ್ಯ. ಇದನ್ನು ತಿರುವುಮುರುವು ಮಾಡಿಸಿ. ಆರಕ್ಕೆ ಹೊರಟು, ಈ ಗುಡ್ಡಗಳಿರುವ, ಎರಡು ಗಂಟೆ ದೂರದ ಕಾರ್ಮೆನ್‌ಗೆ ನೇರವಾಗಿ ಹೋಗಿ, ಎಂಟೂವರೆಗೆ ಮೆಟ್ಟಿಲು ಮುಗಿಸಿ. 1,268ಕ್ಕೂ ಹೆಚ್ಚು ಸುಣ್ಣಕಲ್ಲಿನ ಗುಡ್ಡಗಳು, ರಾಗಿ ಮುದ್ದೆಗಳನ್ನು ಸಾಲಾಗಿ ಇಟ್ಟ ಹಾಗೆ. ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುವುದು ಬೇಸಿಗೆಯಲ್ಲೇ, ಹಾಗಾಗಿ ಹೆಸರಿಗೆ ತಕ್ಕಂತೆ ಕಾಣುವುದು ಈ ರಜೆಯಲ್ಲಿ. ಮಂಡಿನೋವಿನವರು ಕೆಳಗೇ ಕೂತರೂ ಕೆಲವು ಗುಡ್ಡ ಕಾಣುತ್ತವೆ.

ಇಳಿದು ಬರುವಾಗ ಬಿಲಾರ್‌ನ ಮಹಾಗನಿ ತೋಪು, ಆಮೇಲೆ ಲೋಬೊಕ್ ನದಿ. ತೇಲುವ ದೋಣಿಯ ಊಟದಲ್ಲಿ ಸಸ್ಯಾಹಾರಿಗೆ ಅನ್ನ, ಹಣ್ಣು ಬಿಟ್ಟರೆ ಹೆಚ್ಚಿಲ್ಲ. ಡಬ್ಬಿ ಕಟ್ಟಿಕೊಂಡು ಹೋಗಿ. ಕೊನೆಗೆ ಟಾರ್ಸಿಯರ್: ಅಂಗೈಯಲ್ಲಿ ಕೂರುವಷ್ಟು ಪುಟ್ಟ, ದೊಡ್ಡ ಕಣ್ಣಿನ ನಿಶಾಚರ ಪ್ರಾಣಿ. ನಮ್ಮ ಕಾಡುಪಾಪವನ್ನು ಬಲ್ಲವರಿಗೆ ಅದರ ದೂರದ ನೆಂಟನೆನಿಸುತ್ತದೆ. ಕೊರೆಲ್ಲಾದ ಅಭಯಧಾಮಕ್ಕೆ ಹೋಗಬೇಕೆಂದು ಚಾಲಕರಿಗೆ ಬೆಳಗ್ಗೆಯೇ ಹೇಳಿ, ಮೂರೂವರೆಯೊಳಗೆ ತಲುಪಿ. ಫ್ಲ್ಯಾಶ್ ಬೇಡ, ಮಾತು ಪಿಸುದನಿಯಲ್ಲಿ. ಹಗಲಲ್ಲಿ ಗದ್ದಲ ಮಾಡಿದರೆ ಅದು ಬೆದರಿ ನರಳುತ್ತದೆ. ಸಮಯ ಉಳಿದರೆ ಬಕ್ಲಾಯೊನ್‌ನ ಹವಳಗಲ್ಲಿನ ಇಗರ್ಜಿ. 2013ರ ಅಕ್ಟೋಬರ್‌ನ 7.2 ತೀವ್ರತೆಯ ಭೂಕಂಪದಲ್ಲಿ ಜಖಂಗೊಂಡು ಮತ್ತೆ ಎದ್ದು ನಿಂತಿದೆ.

ಬಿಸಿಲು, ಮುಳ್ಳು, ಸೊಳ್ಳೆ

ಪಂಗ್ಲಾವ್ ಇರುವುದು ಭೂಮಧ್ಯರೇಖೆಯಿಂದ ಒಂಬತ್ತೂವರೆ ಡಿಗ್ರಿ ಉತ್ತರಕ್ಕೆ. ಏಪ್ರಿಲ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ. ‘ನಾವು ಬಿಸಿಲಿನ ದೇಶದವರು’ ಎಂಬ ಧೈರ್ಯಕ್ಕೆ ಮೊದಲ ದಿನವೇ ಬೆನ್ನು ಸುಲಿಯುತ್ತದೆ. ಸ್ನಾರ್ಕೆಲ್ ಮಾಡುವಾಗ ಬೆನ್ನು, ಮಂಡಿಯ ಹಿಂಭಾಗ, ಬೈತಲೆ ಮೊದಲು ಸುಡುತ್ತವೆ. ಪೂರ್ತಿ ತೋಳಿನ ಈಜುಡುಗೆ ಕ್ರೀಮಿಗಿಂತ ಮೇಲು. ಬೆಳಕು ಐದೂವರೆಗೆ ಬರುತ್ತದೆ, ಆರರ ಸುಮಾರಿಗೆ ಕತ್ತಲು. ದಿನಚರಿಯನ್ನು ಅದಕ್ಕೆ ಹೊಂದಿಸಿ: ಆರರಿಂದ ಹತ್ತೂವರೆ ಹೊರಗೆ, ಮೂರೂವರೆಯವರೆಗೆ ನಿದ್ದೆ, ಆಮೇಲೆ ಮತ್ತೆ ನೀರು.

ಕಲ್ಲಿನ ಕಡೆ ಸಮುದ್ರ ಮುಳ್ಳುಚೆಂಡುಗಳಿರುತ್ತವೆ, ನೀರಿಗೆ ಹಾಕುವ ಬೂಟು ಎಲ್ಲರಿಗೂ ಬೇಕು. ಚುಚ್ಚಿದರೆ ಒಳಗೆ ಕೆದಕಬೇಡಿ, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ ಕಾಲಿಡಿಸಿ. ಲೋಳೆಮೀನು ತಾಗಿದರೆ ಉಜ್ಜಬೇಡಿ, ವಿನೆಗರ್ ಸುರಿಯಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ಟಗ್ಬಿಲರನ್ ಆಸ್ಪತ್ರೆ. ತುರ್ತು ಸಂಖ್ಯೆ 911. ಡೆಂಗಿ ಅಲ್ಲಿಯೂ ಇದೆ, ಸೊಳ್ಳೆ ಮುಲಾಮು ಹಗಲಲ್ಲೂ ಹಚ್ಚಿ. ಬಾಡಿಗೆ ಸ್ಕೂಟರಿನಲ್ಲಿ ಮಗುವನ್ನು ನಡುವೆ ಕೂರಿಸಿಕೊಳ್ಳುವ ನಮ್ಮೂರಿನ ರೂಢಿ ಬೇಡ. ದ್ವಿಚಕ್ರ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯೂ ಕೈಕೊಡುತ್ತದೆ.

ಹಿಂತಿರುಗುವ ಹೊತ್ತು

ಸ್ಕೂಬಾ ಮಾಡಿದವರು ಕೊನೆಯ ಮುಳುಗಿನಿಂದ 18 ಗಂಟೆ ಕಳೆಯದೆ ವಿಮಾನ ಹತ್ತಬಾರದು, ಅದನ್ನು ನಾಲ್ಕು-ಐದನೇ ದಿನಕ್ಕೇ ಮುಗಿಸಿ. ಸೆಬು ಮೂಲಕ ಬಂದವರು ವಿಮಾನದ ಹಿಂದಿನ ದಿನವೇ ಹಡಗು ದಾಟಿ. ಗಾಳಿ ಎದ್ದರೆ ಕೋಸ್ಟ್ ಗಾರ್ಡ್ ಹಡಗು ನಿಲ್ಲಿಸುತ್ತದೆ, ಆಗ ಯಾರ ಮಾತೂ ನಡೆಯದು. ಕೊನೆಯ ಬೆಳಿಗ್ಗೆ ಈಜುವುದಾದರೆ ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ತೆಂಗಿನ ಚಿಪ್ಪಿನಲ್ಲಿ ತುಂಬಿಸಿ ಮಾರುವ ‘ಕಲಮಾಯ್’ ಎಂಬ ಅಂಟಕ್ಕಿ-ತೆಂಗಿನಹಾಲಿನ ಸಿಹಿ ನೆಂಟರಿಗೆ ಕೊಡಲು ಚೆನ್ನ. ಅದನ್ನು ಎರಡು ಕವರಿನಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ‘ಪೀನಟ್ ಕಿಸಸ್’ ಎಂಬ ಕಡಲೆಬೀಜದ ಬಿಸ್ಕತ್ತಿಗೆ ಮೊಟ್ಟೆಯ ಬಿಳಿಭಾಗ ಸೇರಿರುತ್ತದೆ, ಮಡಿಯ ಮನೆಗೆ ಒಯ್ಯುವುದಾದರೆ ಮೊದಲೇ ಹೇಳಿ ಕೊಡಿ.